ಮಾರವ್ವನನ್ನು ಮುಟ್ಟಿದ ಕೈ

"ಬೇವರ್ಸಿ, ಕಲ್ಲಿಗೆ ಕೋಳಿ ತಿನ್ನಿಸೋಕೆ ನನ್ನ ಗ್ಯಾರೇಜೇ ಬೇಕಿತ್ತಾ ನಿಂಗೆ?"

ವೆಂಕಟಾಚಲ ಆಗಷ್ಟೇ ತಂದಿಟ್ಟ ಎಡೆಯ ತಟ್ಟೆಯನ್ನು ಝಾಡಿಸಿ ಒದ್ದ. ಬಿಸಿ ಸಾರು ಕೆಂಪಮ್ಮನ ಮುಖಕ್ಕೆ ಎರಚಿತು.

ಅಮೆರಿಕದ ಎವರ್‌ಗ್ರೀನಿನ ಈ ಗುಡ್ಡದ ಮನೆಗೆ ಮಂಡ್ಯದ ಕೇರಿಯಿಂದ ಅವಳನ್ನು ಕೆಲಸಕ್ಕೆಂದು ಕರೆತಂದು ಎರಡು ವರ್ಷವಾಗಿತ್ತು. ವೆಂಕಟಾಚಲನ ಮಗುವಿನ ಹೇಲು ಉಚ್ಚೆ ಬಳಿಯುವುದು, ಗುಡಿಸಿ ಒರೆಸುವುದು, ಕಾರಿನ ಮಗ್ಗುಲಲ್ಲಿ ಚಾಪೆ ಹಾಸಿ ಬಿದ್ದುಕೊಳ್ಳುವುದು. ಅವಳದು ಅಂತ ಇದ್ದದ್ದು ಒಂದೇ, ಮೊರದಲ್ಲಿ ರಾಗಿಯ ಮೇಲೆ ಕೂರಿಸಿದ ಮಾರವ್ವನ ಕಲ್ಲು. ಹೆತ್ತವಳು ಸಾಯುವಾಗ ಕೈಗಿಟ್ಟದ್ದು. ಮಂಗಳವಾರ ಅದಕ್ಕೆ ಎಡೆಯಿಡದೆ ಅವಳು ತುತ್ತು ಎತ್ತುತ್ತಿರಲಿಲ್ಲ.

ಕಣ್ಣೊರೆಸಿಕೊಂಡು ನೋಡಿದರೆ ಮೊರದಲ್ಲಿ ರಾಗಿಯಷ್ಟೇ ಇತ್ತು, ಕಲ್ಲಿರಲಿಲ್ಲ.

"ನಮ್ಮವ್ವನ್ನ ಎಲ್ಲಿ ಮಡಗಿದ್ದೀರಿ ಸ್ವಾಮಿ?"

ಮೂಗು ಮುಚ್ಚಿ ನಿಂತಿದ್ದ ಅವನ ಹೆಂಡತಿ ಮೈಥಿಲಿ, ನೀನು ಎಡೆ ತರೋಕೆ ಹೋಗಿದ್ದಾಗ ಗ್ಲೌಸು ಹಾಕ್ಕೊಂಡು ಎತ್ತಿ ಗಾರ್ಬೇಜಿಗೆ ಹಾಕಿದೆ, ಈಗ ಟ್ರಕ್ಕು ಬಂದರೆ ಪೀಡೆ ತೊಲಗುತ್ತೆ ಎಂದಳು. ಮುಟ್ಟಿದರೆ ಮೈಲಿಗೆ, ಎಸೆದರೆ ಮಡಿ. ಹೇಗಿದೆ ನೋಡಿ ನ್ಯಾಯ!

ಕೆಳಗಿನ ತಿರುವಿನಲ್ಲಿ ಟ್ರಕ್ಕು ಗುರುಗುಟ್ಟಿತು. ಕೆಂಪಮ್ಮ ಬರಿಗಾಲಲ್ಲಿ ಓಡಿ ತೊಟ್ಟಿ ಕೆಡವಿ ಡೈಪರುಗಳ ರಾಶಿಯಲ್ಲಿ ತಡಕಾಡಿದಳು. ಹಿಂದೆಯೇ ಬಂದ ವೆಂಕಟಾಚಲ ತುರುಬು ಹಿಡಿದು ಎಳೆದ. ಹಣೆ ಸಿಮೆಂಟಿಗೆ ಬಡಿದು ರಕ್ತ ಕಣ್ಣಿಗಿಳಿಯಿತು.

"ಬಿನ್ನು ನಂದು, ಜಾಗ ನಂದು. ಕೈ ಹಾಕಿದ್ರೆ ಟ್ರೆಸ್‌ಪಾಸು. ಪೊಲೀಸ್ ಕರೆಸಿ ಆಚೆ ಹಾಕಿಸ್ತೀನಿ, ಮುಂಡೆ."

"ನಮ್ಮವ್ವನ್ ಮುಟ್ಟೋಕೆ ನಿಂಗೆ ಯಾವ್ ಸೂಳೆಮಗ ಅಪ್ಣೆ ಕೊಟ್ಟ್ನಲಾ?"

ಎರಡು ವರ್ಷ ಕರೆದ 'ಸ್ವಾಮಿ' ಅಲ್ಲಿಗೆ ಮುಗಿಯಿತು. ರಾಶಿಯಲ್ಲಿ ಕೈಗೆ ಸಿಕ್ಕ ಮಾರವ್ವನನ್ನೇ ಎತ್ತಿ ಅವನ ಮೊಣಕಾಲಿಗೆ ಬೀಸಿದಳು. ಮೂಳೆ ಲಟಕ್ಕೆಂದಿತು. ಅವನು ಕುಸಿದು ಹೊರಳಾಡುತ್ತಿದ್ದಂತೆ, ಅವಳು ಹಿತ್ತಲ ದಾರಿ ಬಿಟ್ಟು ಮುಂಬಾಗಿಲಿನಿಂದಲೇ ನುಗ್ಗಿ, ಇಣುಕಲೂ ಬಿಡದ ದೇವರ ಕೋಣೆ ಹೊಕ್ಕು ಚಿಲಕ ಹಾಕಿದಳು. ಬೆಳ್ಳಿ ದೇವರುಗಳನ್ನು ಮೊಣಕೈಯಿಂದ ಸರಿಸಿ ಮಾರವ್ವನನ್ನು ನಡುವೆ ಕೂರಿಸಿದಳು.

ಮೈಥಿಲಿ ಫೋನು ಮಾಡಿದ್ದಕ್ಕೆ ಪೊಲೀಸಿನವನು ಬಂದ. ಮನೆಗೆ ನುಗ್ಗಿದಾಳೆ, ಎಳೆದು ಹಾಕಿ ಎಂದು ವೆಂಕಟಾಚಲ ಗೋಡೆ ಹಿಡಿದು ಅರಚಿದ. ಅವಳು ಎಲ್ಲಿ ವಾಸ ಎಂದು ಕೇಳಿದಾಗ ಮೈಥಿಲಿ ಗಾಬರಿಯಲ್ಲಿ ನಿಜ ಹೇಳಿಬಿಟ್ಟಳು: ಇಲ್ಲೇ, ಎರಡು ವರ್ಷದಿಂದ. ಹಾಗಾದರೆ ಇದು ಅವಳ ಮನೆಯೂ ಹೌದು, ಬಿಡಿಸಬೇಕಾದರೆ ಕೋರ್ಟಿಗೆ ಹೋಗಿ ಎಂದ ಪೊಲೀಸಿನವನು. ಹೊಡೆದಾಟಕ್ಕೆ ಇಬ್ಬರೂ ಉತ್ತರ ಹೇಳಬೇಕು, ಮೊದಲು ಅವಳನ್ನು ಹೊರಗೆ ಕರೆಯಿರಿ ಎಂದ. ಅವನ ಕಣ್ಣು ವೆಂಕಟಾಚಲನ ಬೆರಳಿಗೆ ಸುತ್ತಿಕೊಂಡಿದ್ದ ಕೂದಲಿನ ಮೇಲಿತ್ತು.

ವೆಂಕಟಾಚಲ ಕುಂಟುತ್ತ ಹೋಗಿ ಬಾಗಿಲು ತಟ್ಟಿದ.

"ಕೆಂಪಮ್ಮನೋರೆ, ಸ್ವಲ್ಪ ಬಾಗಿಲು ತೆಗೀರಿ."

ಒಳಗೆ ಕೆಂಪಮ್ಮ ಅವರ ನೈವೇದ್ಯದ ತಟ್ಟೆಯನ್ನು ಮಾರವ್ವನ ಮುಂದಕ್ಕೆ ಎಳೆದಳು. ಹಣೆಯ ರಕ್ತ ಪಾಯಸಕ್ಕೆ ತೊಟ್ಟಿಕ್ಕಿತು.

"ನಮ್ಮವ್ವ ಉಣ್ತಾವ್ಳೆ. ಆಗೋಗಂಟ ಆಚೆ ನಿಂತಿರು."