ಸಂಬಂಧಿಕರು: ಯಾರೂ ಇಲ್ಲ

ಹದಿನಾಲ್ಕು ಮೆಟ್ಟಿಲುಗಳಲ್ಲಿ ಹನ್ನೊಂದನ್ನು ಇಳಿದಾಗ ಒಡೀಲಳಿಗೆ ಆ ಕೆಮ್ಮು ಕೇಳಿಸಿತು. ಕಾಲು ಅಲ್ಲೇ ನಿಂತುಬಿಟ್ಟಿತು. ಆ ಕೆಮ್ಮನ್ನು ಅವಳು ಸಾವಿರ ಜನರ ನಡುವೆಯೂ ಗುರುತಿಸಬಲ್ಲಳು. ಅದು ಮಥಿಲ್ಡಳ ಕೆಮ್ಮು. ದೀಕ್ಷಾಸ್ನಾನದ ದಿನ ಒಡೀಲಳನ್ನು ಎತ್ತಿಕೊಂಡು, ಇವಳ ಹೊಣೆ ನನ್ನದು ಎಂದು ದೇವರೆದುರು ಹೇಳಿದವಳು. ಒಡೀಲ್ ಅವಳನ್ನು ಕರೆಯುವುದು ಮರೆನ್ ಎಂದು, ಅವರ ಫ್ರೆಂಚಿನಲ್ಲಿ ಧರ್ಮತಾಯಿ.

ಚರ್ಚಿನ ನೆಲಮಾಳಿಗೆಯಲ್ಲಿ ಊರಿನ ಪತ್ತಿನ ಸಂಘವಿತ್ತು. ಫ್ರೆಂಚ್ ಮಾತಾಡುವ ಗಿರಣಿ ಕೂಲಿಗಳನ್ನು ಬ್ಯಾಂಕಿನವರು ಬಾಗಿಲಲ್ಲೇ ನಿಲ್ಲಿಸುತ್ತಿದ್ದ ಕಾಲದಲ್ಲಿ, ಅಜ್ಜಂದಿರು ತಲೆಗೆ ಐದು ಡಾಲರಿನಂತೆ ಹಾಕಿ ಕಟ್ಟಿಕೊಂಡದ್ದು. ಗಿರಣಿ ಮುಚ್ಚಿತು, ಸಂಘ ಉಳಿಯಿತು. ಈಗಲೂ ಗುರುವಾರ ಸಂಜೆ ಸಮಿತಿಯವರು ಮೇಜಿನ ಹಿಂದೆ ಕೂತು, ಸಾಲ ಕೇಳಿ ಬಂದವರ ಮುಖ ನೋಡಿಯೇ ಮಾತು ಮುಗಿಸುತ್ತಾರೆ.

ಒಡೀಲ್ ಬಂದದ್ದು ಕಾರಿನ ಸಾಲಕ್ಕೆ. ಎರಡು ವರ್ಷದ ಹಿಂದೆ ಪೇಟೆಯ ಅಂಗಡಿಯಲ್ಲಿ ಕಡುನೀಲಿ ಕಾರೊಂದು, ಕಥೆಯೊಳಗಿನ ಮಾತಾಡುವ ಕುದುರೆಯ ಹಾಗೆ, ಅವಳನ್ನು ಹೆಸರು ಹಿಡಿದು ಕರೆದಿತ್ತು. ಅಂಗಡಿಯವನು ನಗುನಗುತ್ತಲೇ ಇಪ್ಪತ್ತೆರಡು ಪರ್ಸೆಂಟ್ ಬಡ್ಡಿ ಹಾಕಿದ್ದ. ಪತ್ತಿನ ಸಂಘ ಒಪ್ಪಿದರೆ ಆ ಸಾಲವನ್ನು ತೀರಿಸಿ, ಆರು ಪರ್ಸೆಂಟಿಗೆ ತನ್ನಲ್ಲಿ ಬರೆದುಕೊಳ್ಳುತ್ತದೆ. ಆಗ ಅವಳ ಭಾನುವಾರಗಳು ಅವಳಿಗೆ ವಾಪಸು ಸಿಗುತ್ತವೆ. ಕಂತು ಕಟ್ಟಲೆಂದೇ ಅವಳು ಪ್ರತಿ ಭಾನುವಾರ ವೃದ್ಧಾಶ್ರಮದಲ್ಲಿ ಹೆಚ್ಚಿನ ಪಾಳಿ ಮಾಡುತ್ತಿದ್ದಳು. ಮೊದಲಾದರೆ ಆ ಹೊತ್ತಿಗೆ ತನ್ನ ಹಳೆಯ ಕಾರಿನಲ್ಲಿ ಮರೆನ್‌ಳನ್ನು ಪೂಜೆಗೆ ಕರೆತರುತ್ತಿದ್ದಳು. ಈಗ ಮೇಲಿನವರು ರಜೆ ಕೊಡುವುದಿಲ್ಲವೆಂದು ಸುಳ್ಳು ಹೇಳಿದ್ದಳು. ಎರಡು ಚಳಿಗಾಲ ಮುದುಕಿ ಕೋಲೂರಿಕೊಂಡು ಚರ್ಚಿನ ಏರನ್ನು ಹತ್ತಿದ್ದಳು.

ಇದಕ್ಕಿಂತ ದೊಡ್ಡ ತಪ್ಪೊಂದಿತ್ತು. ಕಾರಿನ ಮುಂಗಡದ ಎಂಟು ನೂರು ಡಾಲರ್, ನರ್ಸಿಂಗ್ ಓದಲೆಂದು ಮರೆನ್ ಕೊಟ್ಟ ಹಣ.

ಮಂಗಳವಾರ ಅರ್ಜಿ ತುಂಬುವಾಗ ಕೌಂಟರಿನ ಹುಡುಗಿ, ಈ ತಿಂಗಳು ಮಥಿಲ್ಡ್ ಸಮಿತಿಯಲ್ಲಿ ಕೂರುವುದಿಲ್ಲ, ಅವಳ ಬದಲು ರೊಸೇರ್ ಬರುತ್ತಾನೆ ಎಂದಿದ್ದಳು. ಅರ್ಜಿಯಲ್ಲೊಂದು ಸಾಲಿತ್ತು: ಸಮಿತಿಯಲ್ಲಿ ನಿಮ್ಮ ಸಂಬಂಧಿಕರಿದ್ದಾರೆಯೇ? ದೀಕ್ಷಾಸ್ನಾನದಲ್ಲಿ ಎತ್ತಿಕೊಂಡವಳು ಹೆತ್ತವಳಷ್ಟೇ ಹತ್ತಿರದವಳೆಂದು ಆ ಊರಿನ ಚಿಕ್ಕ ಮಕ್ಕಳಿಗೂ ಗೊತ್ತು. ತಮ್ಮವರ ಅರ್ಜಿ ಬಂದರೆ ಆ ಸದಸ್ಯರು ಎದ್ದು ಹೊರಗೆ ಹೋಗಬೇಕು. ಒಡೀಲ್ 'ಯಾರೂ ಇಲ್ಲ' ಎಂದು ಬರೆದು ಕೊಟ್ಟಿದ್ದಳು. ಬುಧವಾರ ರೊಸೇರ್ ಮಂಜುಗಡ್ಡೆಯ ಮೇಲೆ ಜಾರಿ ಬಿದ್ದು ಬಲಗೈ ಮುರಿದುಕೊಂಡ.

ಮೇಜಿನ ಹಿಂದೆ ಇದ್ದವರು ಇಬ್ಬರು. ಗಿರಣಿಯಿಂದ ನಿವೃತ್ತನಾದ ಅರ್ಮಾಂಡ್, ಮತ್ತು ಮಥಿಲ್ಡ್. ಮಥಿಲ್ಡ್ ಎದ್ದು ಹೋಗುತ್ತಾಳೆಂದು ಅರ್ಮಾಂಡ್ ರೂಢಿಯಂತೆ ಅವಳ ಕೋಟನ್ನು ತೆಗೆದುಕೊಡಲು ಕೈ ಚಾಚಿದ. ಮಥಿಲ್ಡ್ ಅರ್ಜಿಯನ್ನು ಬೆಳಕಿಗೆ ಹಿಡಿದು ಓದುತ್ತಿದ್ದಳು. ಓದಿ, ಕನ್ನಡಕ ತೆಗೆದು ಒರೆಸಿದಳು.

"ಕೋಟು ಅಲ್ಲೇ ಇರ್ಲಿ ಅರ್ಮಾಂಡ್. ಈ ಹುಡುಗಿಗೆ ಇಲ್ಲಿ ಯಾರೂ ಇಲ್ವಂತೆ."

ಅರ್ಮಾಂಡ್ ಛಾವಣಿ ನೋಡಿದ.

ಮಥಿಲ್ಡ್ ಕೆಲಸದ ಬಗ್ಗೆ ಕೇಳಿದಳು, ಸಂಬಳದ ಬಗ್ಗೆ ಕೇಳಿದಳು. ಆಮೇಲೆ ಕೇಳಿದಳು, "ಮುಂಗಡ ಕಟ್ಟಿದ್ದೀರಲ್ಲ, ಆ ಹಣ ನಿಮಗೆ ಎಲ್ಲಿಂದ ಬಂತು?"

ನೀವು. ಹುಟ್ಟಿದಾಗಿನಿಂದ ಮಗೂ ಎಂದೇ ಕರೆದ ಬಾಯಿಂದ ಬಂದ ಆ ಮಾತು ಒಡೀಲಳ ಮೈ ಸುಟ್ಟಿತು. ಉಳಿಸಿದ್ದೆ ಎಂದುಬಿಟ್ಟರೆ ಇಬ್ಬರ ಸಹಿ ಬೀಳುತ್ತದೆ. ನಿಜ ಹೇಳಿದರೆ ಮರೆನ್ ಎದ್ದು ಹೋಗಬೇಕು, ಒಬ್ಬನ ಸಹಿಗೆ ಸಾಲ ಹುಟ್ಟುವುದಿಲ್ಲ, ಮುಂದೆ ಹುಟ್ಟುತ್ತದೆಂಬ ಭರವಸೆಯೂ ಇಲ್ಲ.

ಅವಳು ಅರ್ಜಿಯನ್ನು ತನ್ನ ಕಡೆ ಎಳೆದುಕೊಂಡಳು. 'ಯಾರೂ ಇಲ್ಲ' ಎಂಬುದನ್ನು ಹೊಡೆದುಹಾಕಿ, ಪಕ್ಕದಲ್ಲಿ ಬರೆದಳು: ಮಥಿಲ್ಡ್ ಪೆಲ್ಟಿಯೇ, ನನ್ನ ಮರೆನ್. ಅಕ್ಷರಗಳು ಒಂದರ ಮೇಲೊಂದು ಬಿದ್ದವು.

"ನೀನು ಓದೋಕೆ ಅಂತ ಕೊಟ್ಟ ದುಡ್ಡು, ಮರೆನ್," ಎಂದಳು. "ಭಾನುವಾರ ರಜೆ ಇಲ್ಲ ಅಂದದ್ದೂ ಸುಳ್ಳು. ನಾನೇ ಕೇಳಿ ಹಾಕಿಸ್ಕೊಂಡ ಪಾಳಿ."

ಮಥಿಲ್ಡ್ ಎದ್ದಳು. ಕೋಟು ತೊಟ್ಟು, ಮೆಟ್ಟಿಲು ಹತ್ತಿ ಹೋದಳು. ಕೋಲಿನ ಸದ್ದು ಹದಿನಾಲ್ಕು ಸಲ ಕೇಳಿತು.

ರೊಸೇರ್ ಎಡಗೈಯಲ್ಲಿ ಸಹಿ ಹಾಕಲು ಕಲಿಯಲಿ, ಆಮೇಲೆ ಬಾ ಎಂದ ಅರ್ಮಾಂಡ್. ಅವನು ಏನನ್ನುತ್ತಾನೋ ತನಗೆ ಗೊತ್ತಿಲ್ಲ ಎಂದೂ ಸೇರಿಸಿದ. "ಅಲ್ಲೀತನಕ ಆ ಬಡ್ಡಿ ನಿನ್ನ ತಿಂತಾನೇ ಇರುತ್ತೆ ನೋಡಮ್ಮಾ."

ಹೊರಗೆ ಹಿಮ ಬೀಳುತ್ತಿತ್ತು. ಮರೆನ್ ಕಡುನೀಲಿ ಕಾರಿನ ಪಕ್ಕದಲ್ಲೇ ನಿಂತಿದ್ದಳು.

"ಬಾಗಿಲು ತೆಗಿ. ಎಂಟು ನೂರು ಡಾಲರಿನ ಮೇಲೆ ಒಂದು ಸಲ ನಾನೂ ಕೂತು ನೋಡ್ತೀನಿ."

ಬಯ್ಯಲಿ ಎಂದು ಒಡೀಲ್ ದಾರಿಯುದ್ದಕ್ಕೂ ಕಾದಳು. ಮರೆನ್ ಬಯ್ಯಲಿಲ್ಲ. ಏರು ಇಳಿಯುವಾಗ ಮಾತ್ರ ಕೈಗವಸು ತೆಗೆದು, ಸೀಟಿನ ಮೇಲೆ ಅಂಗೈ ಇಟ್ಟಳು.

"ಇದು ಬೆಚ್ಚಗಿದೆಯಲ್ಲೇ."

"ಸೀಟು ಕಾಯಿಸೋಕೆ ಒಂದು ಗುಂಡಿ ಇದೆ, ಮರೆನ್."

"ಮೊದಲಿಂದಲೂ ಇತ್ತಾ?"

"ಇತ್ತು," ಎಂದಳು ಒಡೀಲ್. ಮುದುಕಿ ಕೋಲೂರಿ ಹತ್ತುತ್ತಿದ್ದ ಆ ದಾರಿ ದೀಪದ ಬೆಳಕಿನಲ್ಲಿ ಬೆಳ್ಳಗೆ ಬಿದ್ದಿತ್ತು. ಅದರ ಮೇಲಿನಿಂದ ಕಣ್ಣೆತ್ತಿ ಪಕ್ಕಕ್ಕೆ ನೋಡಲು ಅವಳಿಗೆ ಆಗಲಿಲ್ಲ.