ಎರಡನೆಯ ಬೇರಿಂಗ್

"ಆಜ್ ಮೈ ಇದರ್ ಖಡಾ ರಹೇಗಾ," ಎಂದ ಬಾಸ್ತ್ಯಾಂವ್, ನಿಲ್ಲುವುದಿರಲಿ, ಸ್ಟೂಲು ಎಳೆದುಕೊಂಡು ಖೋಲಿಯ ನಡುವೆ ಕೂತೇಬಿಟ್ಟ. ಲಿಸ್ಬನ್ನಿನಲ್ಲಿರುವ ಅಣ್ಣನಿಗೆ ಕಳಿಸಲು ಅಪ್ಪನ ಹಳೇ ಗಾಡಿಯ ಇಂಜಿನ್ ಕಟ್ಟುವುದನ್ನು ಹೊಸ ನೋಕಿಯಾದಲ್ಲಿ ಫೋಟೊ ತೆಗೆಯಬೇಕಂತೆ. ಒಲೆಯ ಮುಂದಿದ್ದ ಸಾವಂತ್ರೆವ್ವ ಗಂಡನ ಮುಖ ನೋಡಿದಳು.

ಅವಳ ಗಂಡ ಯಮನೂರಪ್ಪನ ಕೈಗೆ ನಡುಕ ಹತ್ತಿ ವರ್ಷವಾಗುತ್ತ ಬಂದಿತ್ತು. ಮಡಗಾಂವಿನಲ್ಲಿ ಹಳೇ ಇಂಜಿನ್ ಕಟ್ಟುವುದೆಂದರೆ ಯಮನೂರಪ್ಪನೇ ಎಂಬ ಹೆಸರಿತ್ತು. ಗ್ಯಾರೇಜಿನ ಹಿಂದಿನ ಈ ಖೋಲಿಯನ್ನು ಮಾಲಕ ಬಾಸ್ತ್ಯಾಂವ್ ಕೊಟ್ಟಿದ್ದು ಆ ಹೆಸರಿಗೆ. ನಡುಕದ ಸುದ್ದಿ ಗೊತ್ತಾದರೆ ಕೆಲಸವೂ ಹೋಯಿತು, ಖೋಲಿಯೂ ಹೋಯಿತು. ಅದಕ್ಕೇ ಬೇರಿಂಗ್ ಕೂರಿಸುವ ಹೊತ್ತಿಗೆ ಗಂಡ ಬಾಗಿಲು ಮುಚ್ಚುತ್ತಿದ್ದ, ಹೆಂಡತಿ ಕೂರಿಸುತ್ತಿದ್ದಳು. ಇಂಜಿನ್ನಿನ ಹೊರಕವಚ, ಅಂದರೆ ಕೇಸು, ಕಾಯಿಸುವುದು ಹೇಗೂ ಅವಳ ರೊಟ್ಟಿ ಹಂಚಿನ ಮೇಲೆಯೇ ಆದ್ದರಿಂದ ಯಾರಿಗೂ ಸಂಶಯ ಬಂದಿರಲಿಲ್ಲ.

ಇಂಜಿನ್ನಿನ ಅಲ್ಯುಮಿನಿಯಂ ಕೇಸು ಎರಡು ಹೋಳು, ಹೋಳಿಗೊಂದು ಬೇರಿಂಗ್. ಕೇಸು ಕಾದಾಗ ಅದರ ಕುಳಿ ಕೂದಲೆಳೆಯಷ್ಟು ಹಿಗ್ಗುತ್ತದೆ, ಐಸಿನಲ್ಲಿಟ್ಟ ಬೇರಿಂಗ್ ಚೂರು ಕುಗ್ಗಿರುತ್ತದೆ. ಆಗ ನೆಟ್ಟಗೆ ಬಿಟ್ಟರೆ ತಾನೇ ಇಳಿದು ಕೂರುತ್ತದೆ. ವಾರೆಯಾಯಿತೋ, ಅಲ್ಲೇ ಕಚ್ಚಿಕೊಂಡು ಕುಳಿಯನ್ನು ಕೆತ್ತಿ ಹಾಳು ಮಾಡುತ್ತದೆ. ಈ ಗಾಡಿಯೋ ಪೋರ್ಚುಗೀಸರ ಕಾಲದ್ದು, ಬಾಸ್ತ್ಯಾಂವನ ಅಪ್ಪ ಓಡಿಸಿದ್ದು. ಇನ್ನೊಂದು ಕೇಸು ಎಲ್ಲಿಂದ ತರುವುದು?

ಸಾವಂತ್ರೆವ್ವ ರೊಟ್ಟಿ ಹಾಕುವ ಮುಂಚೆ ಮಾಡುವಂತೆ, ಹಂಚಿನ ಮೇಲಿದ್ದ ಕೇಸಿನ ಹೋಳುಗಳಿಗೆ ನೀರು ಚಿಮುಕಿಸಿದಳು. ಹನಿಗಳು ಚಣ ಕುಣಿದು ಮಾಯವಾದವು.

"ಸಾಹೇಬ್, ಇದರ್ ಗರ್ಮಿ ಬಹುತ್ ಹೈ. ಬಾಹರ್ ಬೈಠೋ," ಎಂದು ಅವನನ್ನು ಹೊರಗೆ ಕಳಿಸಲು ಕೊನೆಯ ಪ್ರಯತ್ನ ಮಾಡಿದಳು.

"ಗೋವಾ ಮೇ ಪೈದಾ ಹುವಾ, ಗರ್ಮಿ ಕ್ಯಾ ಕರೇಗಿ!" ಬಾಸ್ತ್ಯಾಂವ್ ನಕ್ಕ.

"ಅತ್ಲಾಗ ಸರಿ," ಎಂದ ಯಮನೂರಪ್ಪ. "ನಾನ ಬಿಡ್ತೇನಿ."

"ಬ್ಯಾಡ್ರಿ," ಅವಳು ಪಿಸುಗುಟ್ಟಿದಳು. "ನನ್ನ ಮಾತ ಕೇಳ್ರಿ."

"ಸುಮ್ಕಿರು. ಇಪ್ಪತ್ತ ವರ್ಷ ಯಾರ ಮಾಡಿದ್ದು ಇದನ್ನ?"

ಅವನು ಐಸಿನ ಡಬ್ಬಿಯಿಂದ ಬೇರಿಂಗ್ ಎತ್ತಿ, ಒರೆಸಿ, ಕುಳಿಯ ಮೇಲೆ ಹಿಡಿದ. ಎರಡೂ ಕೈ ಸೇರಿಸಿ ಹಿಡಿದರೂ ಬೇರಿಂಗ್ ನಿಲ್ಲಲೊಲ್ಲದು. ಸುಮ್ಮನಿದ್ದರೆ ಕೇಸು ಕೆಟ್ಟು ನಾಳೆ ಗಂಟುಮೂಟೆ ಕಟ್ಟಬೇಕು. ಕೈ ಹಾಕಿದರೆ ಪರರೆದುರು ಗಂಡನ ಮಾನ ಕಳೆದಂತೆ. ಯಾವ ಕಡೆ ತಿರುಗಿದರೂ ಗೋಡೆ. ಸಾವಂತ್ರೆವ್ವನಿಗೆ ಮಾಲಕನ ಮೇಲೆ, ಗಂಡನ ಮೇಲೆ, ಆ ಹಾಳು ಗಾಡಿಯ ಮೇಲೆ ಒಟ್ಟಿಗೇ ಸಿಟ್ಟು ಬಂತು. ಬೇರಿಂಗಿನ ಅಂಚು ಕುಳಿಗೆ ತಾಕುವಷ್ಟರಲ್ಲಿ ಅವನ ಬೆರಳುಗಳಿಂದ ಅದನ್ನು ಕಸಿದುಕೊಂಡು, ಮಟ್ಟಸವಾಗಿ ಹಿಡಿದು ಬಿಟ್ಟಳು.

ಟಕ್ಕೆಂದು ಕೂತಿತು.

ಬಾಸ್ತ್ಯಾಂವ್ ಫೋನು ಕೆಳಗಿಳಿಸಿದ. ಅವನ ಕಣ್ಣು ಅವಳ ಕೈಯಿಂದ ಯಮನೂರಪ್ಪನ ಕೈಗೆ ಹೋಗಿ ಅಲ್ಲೇ ನಿಂತಿತು.

"ಕಬ್ ಸೆ?" ಯಾವಾಗಿನಿಂದ ಎಂದು ಕೇಳಿದ.

"ಅವರೇ ಕಲಿಸ್ಯಾರ್ರಿ," ಎಂದಳು ಅವಳು, ಹಿಂದಿ ಮರೆತು.

ಮಾಲಕ ಕೆನ್ನೆ ತುರಿಸಿಕೊಂಡ. ಕೆಟ್ಟವನೇನಲ್ಲ. "ಮೇರೆಕೊ ಕಾಮ್ ಸೆ ಮತಲಬ್. ಕಲ್ ಸೆ ಬಾಯಿ ಕರೇಗಿ. ತುಮ್ ಆರಾಮ್ ಕರೋ, ಯಮನೂರ್. ಖೋಲಿ ಮೇ ರಹೋ."

ಖೋಲಿ ಉಳಿಯಿತು, ನಾಳೆಯಿಂದ ಕೆಲಸ ಅವಳದು. ಯಮನೂರಪ್ಪ ಅರಿವೆಯಲ್ಲಿ ಕೈ ಒರೆಸಿಕೊಂಡು, ಯಾರ ಮುಖವನ್ನೂ ನೋಡದೆ ಹೊರಗೆ ನಡೆದ. ಸಾವಂತ್ರೆವ್ವ ಅವನ ಹಿಂದೆಯೇ ಹೊರಟಳು.

"ಬಾಯಿ, ದೂಸ್ರಾ! ಥಂಡಾ ಹೋ ಜಾಯೇಗಾ!"

ಕೇಸಿನ ಮೊದಲ ಹೋಳನ್ನು ಹಂಚಿನಿಂದ ಇಳಿಸುವ ಗಡಿಬಿಡಿಯಲ್ಲಿ ಇನ್ನೊಂದನ್ನೂ ತೆಗೆದಿಟ್ಟಿದ್ದಳು. ಅದು ಆರುತ್ತಿತ್ತು. ಅವಳು ಬಾಗಿಲಿನಿಂದ ವಾಪಸು ಬಂದು ಐಸಿನೊಳಗೆ ಕೈ ಹಾಕಿದಳು.

ಕಿಟಕಿಯಾಚೆ ಹಲಸಿನ ಮರದ ಕೆಳಗೆ ಯಮನೂರಪ್ಪ ಬೀಡಿ ಹಚ್ಚಲು ನೋಡುತ್ತಿದ್ದ. ಕಡ್ಡಿ ಬೀಡಿಯ ತುದಿ ಮುಟ್ಟುವ ಮುಂಚೆಯೇ ಆರುತ್ತಿತ್ತು. ಕಾಲ ಬಳಿ ಅಂಥ ಕಡ್ಡಿಗಳು ಬಿದ್ದಿದ್ದವು.

"ಹೊರಗ ಗಾಳಿ ಭಾಳ ಐತ್ರಿ," ಅವಳು ಕೇಸಿನಿಂದ ಕಣ್ಣು ತೆಗೆಯದೆ ಕೂಗಿದಳು. "ಒಳಗ ಬಂದು ಹಚ್ಚಿಕೋರಿ."

ಮರದ ಒಂದೆಲೆಯೂ ಅಲುಗುತ್ತಿರಲಿಲ್ಲ. ಅವನು ಇನ್ನೊಂದು ಕಡ್ಡಿ ಗೀರಿದ.