ಪೆಟ್ಟಿಗೆ ಮಾತ್ರ ಓದಬಲ್ಲದ್ದು

ಬೆಸುಗೆಯ ಹೊಗೆ ಮೂಗಿಗೆ ಬಂತು, ರಾಳದ ವಾಸನೆ, ಏಕನಾಥನ ಅಂಗಿಗಳಿಗೂ ಇದೇ ವಾಸನೆ, ಎಷ್ಟು ಒಗೆದರೂ ಹೋಗುತ್ತಿರಲಿಲ್ಲ, ಈಗ ಆ ಅಂಗಿಗಳೂ ಇಲ್ಲ, ಯಾರು ಯಾರಿಗೋ ಕೊಟ್ಟಾಯಿತು — ಇಸ್ತಿಯಾಕ ಭೂತಗನ್ನಡಿಯ ಕೆಳಗೆ ಪೆಟ್ಟಿಗೆಯ ಹೊಟ್ಟೆ ಬಿಚ್ಚಿಟ್ಟುಕೊಂಡು ಕೂತಿದ್ದಾನೆ, ಪಕ್ಕದ ಶೆಡ್ಡಿನಲ್ಲಿ ಲೇಥು ಕಿರುಚುತ್ತಿದೆ, ಲಕಮನಹಳ್ಳಿಯಲ್ಲಿ ಇದು ನಿಲ್ಲುವುದೇ ಇಲ್ಲ, ಕುಂದರ್ರಿ ಅಕ್ಕಾ, ಸಾಹೇಬ್ರು ಕೈ ಹಚ್ಚಿದ್ದು ಅಂದ್ರ ಬಿಚ್ಚಾಕೂ ಹೆದರಿಕಿ ಬರತೈತಿ. ಹೆದರಿಕೆ ಇದ್ದದ್ದು ಏಕನಾಥನಿಗೆ, ನನ್ನ ಗಂಡನಿಗೆ. ಹೆದರಿಕೆಯೋ ಪ್ರಾಮಾಣಿಕತೆಯೋ, ಜೊತೆಗೆ ಬಾಳಿದವಳಿಗೂ ಬೇರೆ ಮಾಡಿ ಹೇಳಲು ಆಗುವುದಿಲ್ಲ. ಇದೇ ಶೆಡ್ಡಿನಲ್ಲಿ ಅವನೂ ಇಸ್ತಿಯಾಕನೂ ಸೇರಿ ಮಾಡಿದ ಪೆಟ್ಟಿಗೆ, ಹಾಡು ಕಲಿಯುವವರಿಗೆ ತಂಬೂರಿಯ ಶ್ರುತಿ ಕೊಡುತ್ತ, ಹಾಡಿದ್ದನ್ನು ಮೆಮೊರಿ ಕಾರ್ಡಿನೊಳಗೆ ಇಟ್ಟುಕೊಳ್ಳುವಂಥದ್ದು, ಹಾಲೆಂಡಿನ ಸಂಗೀತದ ಟೀಚರೊಬ್ಬಳು ತನ್ನ ಶಿಷ್ಯರಿಗೆಲ್ಲ ಬೇಕು ಎಂದು ಬರೆದಾಗ ಏಕನಾಥ ಪೇಢೆ ತಂದಿದ್ದ, ಪೇಢೆ ಮುಗಿಯುವುದರೊಳಗೆ ಅವಳ ವಕೀಲನ ಪ್ರಶ್ನೆ ಬಂತು, ಫೈಲುಗಳ ಉದ್ದ ಹೆಸರನ್ನು ಕಾರ್ಡಿನಲ್ಲಿ ಬರೆದಿಡುತ್ತೀರಲ್ಲ, ಆ ವಿಧಾನದ ಮೇಲೆ ಪರದೇಶದ ದೊಡ್ಡ ಕಂಪನಿಯೊಂದರ ಪೇಟೆಂಟ್ ಇದೆ, ಪರವಾನಗಿ ಪಡೆದಿದ್ದೀರಾ? ಹುಬ್ಬಳ್ಳಿಯ ನಮ್ಮ ವಕೀಲರು ನಕ್ಕುಬಿಟ್ಟರು, ಅಲ್ರೀ, ಅವರೇನ್ ಲಕಮನಹಳ್ಳಿ ತನಕಾ ಬರತಾರೇನ್ರಿ, ಬಸ್ಸ ಸಿಗಬೇಕಲ್ಲ ಅವರಿಗೆ. ಮರಳುವ ದಾರಿಯಲ್ಲಿ ಉಣಕಲ್ ಕೆರೆ ಕಂಡಾಗ ಏಕನಾಥ ಕೇಳಿದ, ಅವರು ಬರಲಿಲ್ಲಂದ್ರ ಅದು ನಮ್ಮದಾಗ್ತದೇನು, ಮೃಣಾ?

ಉದ್ದ ಹೆಸರು ಬೇಡ, ಎಂಟೇ ಅಕ್ಷರ ಸಾಕು, ಅದಕ್ಕೆ ಯಾರ ತಕರಾರೂ ಇಲ್ಲ ಎಂದು ಮಾಡಿದ, ಮಾಡಿ ಊರಿನಲ್ಲಿ ಹಾಡು ಕಲಿಸುವ ಯಜ್ಞೇಶ್ವರ ಬುವಾ ಅವರ ಮುಂದೆ ಇಟ್ಟ, ಹುಡುಗಿಯರು ಅವರ ಪಾಠವನ್ನು ಅವರ ಹೆಸರಿನಲ್ಲೇ ಇಡುತ್ತಿದ್ದರು, ಪುಟ್ಟ ಪರದೆಯ ಮೇಲೆ ಹೆಸರು ಅರ್ಧಕ್ಕೇ ನಿಂತು, ಮುಂದೆ ಹಾವಿನಂಥ ಗೆರೆ, ಗೆರೆಯಾದ ಮೇಲೆ ಒಂದು ಎಂಬ ಅಂಕಿ. ಇದೇನಪಾ ಏಕನಾಥ, ನನಗ ಬಾಲಾ ಯಾಕ ಹಚ್ಚೀದಿ, ನಾ ಒಂದನೇದವ ಅಂದ್ರ ಎರಡನೇದವ ಎಲ್ಲಿದ್ದಾನ? ಹುಡುಗಿಯರು ಸೆರಗು ಬಾಯಿಗಿಟ್ಟುಕೊಂಡರು, ಬುವಾ ನಗಲಿಲ್ಲ, ಪೆಟ್ಟಿಗೆಯನ್ನು ಚಾಪೆಯಿಂದಾಚೆ ಸರಿಸಿದರು. ಗುರುವಿನ ಹೆಸರು ಹೇಳುವಾಗ ಕಿವಿ ಮುಟ್ಟಿಕೊಳ್ಳುವ ಊರು ಇದು, ಗುರುವಿನ ಹೆಸರನ್ನೇ ಕತ್ತರಿಸುವ ಪೆಟ್ಟಿಗೆಯನ್ನು ಯಾರು ಮುಟ್ಟುತ್ತಾರೆ. ಮಂದಿಯ ವಿಧಾನ ಕದಿಯುವಂತಿಲ್ಲ, ಹೆಸರು ಕತ್ತರಿಸುವಂತಿಲ್ಲ — ಆ ಮಳೆಗಾಲವೆಲ್ಲ ಕೂತು ಬರೆದ, ಯಾರದೂ ಅಲ್ಲದ, ತನ್ನದೇ ಆದ ಒಂದು ವಿಧಾನ, ಕಾರ್ಡಿನಲ್ಲಿ ಹೇಗೆ ಬರೆಯಬೇಕು, ಹೇಗೆ ಹುಡುಕಬೇಕು, ಪೂರ್ತಿ ಹೆಸರು, ಬುವಾ ಎಂಬುದೂ ಸೇರಿ. ಬ್ಯಾರೆ ಯಾವ ಕಂಪ್ಯೂಟರೂ ಇದನ್ನ ಓದಂಗಿಲ್ಲಲ್ಲೋ ಎಂದೆ. ಓದೂದು ಯಾಕ ಬೇಕು, ನಮ್ಮ ಪೆಟ್ಟಿಗಿ ಓದಿದ್ರ ಸಾಕಲ್ಲ.

ಅಷ್ಟರಲ್ಲಿ ತಂಬೂರಿ ಫೋನಿನೊಳಗೇ ಬಂತು, ಪುಕ್ಕಟೆ, ಹಾಲೆಂಡಿನವಳು ಒಳ್ಳೆಯ ಮಾತಿನಲ್ಲೇ ಬೇಡವೆಂದಳು, ಆಮೇಲೊಂದು ದಿನ ಮಗ ಕಪಿಲ ಓದಿ ಹೇಳಿದ, ಅಪ್ಪಾ, ಆ ಪೇಟೆಂಟಿನ ಅವಧಿ ಮುಗೀತಂತ, ಈಗ ಯಾರೂ ಬಳಸಬಹುದಂತ. ಹೌದೇನು ಎಂದ, ಹಾಸಿಗೆಯಲ್ಲಿ ಗೋಡೆಯ ಕಡೆ ಮಗ್ಗುಲಾದ, ಆ ಬೆನ್ನು, ಬನಿಯನ್ನಿನೊಳಗೆ ಅಷ್ಟು ಸಣ್ಣಗಾಗಿದ್ದ ಬೆನ್ನು.

ಫೋನು ಹಿಡಿದರೆ ಅಂಗೈ ಅಡ್ಡ ಇಡುತ್ತಿದ್ದ, ಒಂದು ವಿಡಿಯೋ ಇಲ್ಲ, ಅವನ ದನಿ ಇರುವುದು ಈ ಕಾರ್ಡಿನಲ್ಲಿ ಮಾತ್ರ, ಹಾಡಲು ಬಾರದವನು ಮೈಕು ಪರೀಕ್ಷೆ ಮಾಡಿದ್ದು, ಒಂದು, ಎರಡು, ಮೃಣಾ, ಕೇಳಸ್ತದೇನು, ಚಹಾ ಆತೇನು, ಹಿಂದೆ ನನ್ನ ಬಳೆಯ ಸದ್ದು, ಆತು ತಡಿಯೋ ಎಂಬ ನನ್ನ ಸಿಡುಕು. ಮಧ್ಯಾಹ್ನ ಊಟವಾದ ಮೇಲೆ ಹಚ್ಚಿಕೊಂಡು ಕೇಳುತ್ತಿದ್ದೆ, ಸಿಡುಕನ್ನೂ ಕೇಳುತ್ತಿದ್ದೆ, ಮೊನ್ನೆಯ ಸಿಡಿಲಿಗೆ ಮನೆಯ ಫ್ಯಾನು ಹೋಯಿತು, ಇದೂ ಹೋಯಿತು.

ಇಸ್ತಿಯಾಕ ಭೂತಗನ್ನಡಿ ಸರಿಸಿದ. ಚಿಪ್ಪೇ ಸುಟ್ಟೈತ್ರಿ ಅಕ್ಕಾ. ಬೇರೆ ಚಿಪ್ಪು ಹಾಕು. ಹಾಕಬಹುದ್ರಿ, ಓದೂದು ಹೆಂಗಂತ ಅದಕ್ಕ ಹೇಳಿಕೊಡವ್ರು ಯಾರ್ರಿ, ಸಾಹೇಬ್ರು ಬರದದ್ದು ಇದರೊಳಗ ಇತ್ತು, ಕಂಪ್ಯೂಟರದಾಗಿಂದು ಆವಾಗ್ಲೇ ಡಿಸ್ಕ್ ಹೋತಲ್ರಿ. ಆಮೇಲೆ ಬುವಾ ಅವರ ಮನೆಗೆ ಕೊಟ್ಟ ಪೆಟ್ಟಿಗೆ? ಕೇಳೇನ್ರಿ, ಗುಜರಿಗೆ ಹಾಕ್ಯಾರಂತ, ತಗೊಂಡ ಉಳದವರೂ ಹಂಗ. ಸುಮ್ಮನೆ ಕೂರಲಾಗದೆ ಕಾರ್ಡನ್ನು ತನ್ನ ಫೋನಿಗೆ ಹಾಕಿ ನೋಡುತ್ತಾನೆ, ಪರದೆ ಬೆಳಗುತ್ತದೆ, ಈ ಕಾರ್ಡು ಖಾಲಿ ಇದೆ, ಫಾರ್ಮ್ಯಾಟ್ ಮಾಡಬೇಕೆ? ತೆಗೆದು ಕಂಪ್ಯೂಟರಿಗೆ ಹಾಕುತ್ತಾನೆ, ಖಾಲಿ ಇದೆ, ಫಾರ್ಮ್ಯಾಟ್ ಮಾಡಬೇಕೆ? ನನ್ನ ಫೋನು ಕೊಡುತ್ತೇನೆ, ಹುಚ್ಚಿಯ ಹಾಗೆ, ಅದಕ್ಕಾದರೂ ನಮ್ಮ ಮನೆಯವರು ಗೊತ್ತಿರಬಹುದು ಎಂಬಂತೆ. ಖಾಲಿ ಅಲ್ಲ, ಅದರೊಳಗೆ ಅವನಿದ್ದಾನೆ, ಚಹಾ ಕೇಳುತ್ತಿದ್ದಾನೆ, ಅದನ್ನು ಯಾರೂ ಅಳಿಸಿಲ್ಲ, ಯಾರಿಗೂ ಓದಲು ಬರುವುದಿಲ್ಲ ಅಷ್ಟೇ — ಇಸ್ತಿಯಾಕ ಕಾರ್ಡು ಹಾಕಿದ ನನ್ನ ಫೋನನ್ನು ನನ್ನ ಅಂಗೈ ಮೇಲೆ ಇಡುತ್ತಾನೆ, ಅದರಲ್ಲೂ ಅದೇ ಪ್ರಶ್ನೆ, ಏನ್ ಒತ್ತಬ್ಯಾಡ್ರಿ ಅಕ್ಕಾ, ಹೌದು ಅಂದ್ರ ಎಲ್ಲಾ ಅಳಿಸಿ ಹೋಗತೈತಿ, ಹೌದು ಎಂಬ ನೀಲಿ ಅಕ್ಷರ, ಪಕ್ಕದಲ್ಲಿ ಬೇಡ, ಬೆರಳು ಬೇಡದ ಮೇಲೆ ನಿಂತಿದೆ, ಬೇಡ ಎಂದರೆ ಪ್ರಶ್ನೆಯೂ ಹೋಗುತ್ತದೆ, ಅವನ ಬಗ್ಗೆ ಇನ್ನು ಯಾರೂ ಏನೂ ಕೇಳುವುದಿಲ್ಲ, ಪರದೆ ಮಂಕಾಗುತ್ತಿದೆ, ಫಾರ್ಮ್ಯಾಟ್ ಮಾಡಬೇಕೆ, ಹೌದು, ಬೇಡ, ಹೌದು, ಬೇಡ —